ಟ್ರ್ಯಾಕ್ಟರ್‌ಗೆ ವೈರ್‌ಲೆಸ್ ಹಿಂಬದಿ ಕ್ಯಾಮೆರಾ: ಕೊಳ್ಳುವ ಮೊದಲು ಏನೇನು ನೋಡಬೇಕು?

ಟ್ರೇಲರ್ ಸಿಕ್ಕಿಸಿದ ಮೇಲೆ ಟ್ರ್ಯಾಕ್ಟರ್ ಡ್ರೈವರ್‌ಗೆ ಹಿಂದೆ ಕಾಣುವುದು ಟ್ರೇಲರ್‌ನ ಮುಂದಿನ ಹಲಗೆ ಮಾತ್ರ. ಅದರಾಚೆ ಏನಿದೆ ಅನ್ನುವುದು ಊಹೆ. ಮನೆ ಅಂಗಳದಲ್ಲಿ, ಕಣದಲ್ಲಿ, ತಿಪ್ಪೆ ಹತ್ತಿರ ರಿವರ್ಸ್ ತೆಗೆದುಕೊಳ್ಳುವಾಗ ಹಿಂದೆ ಮಗು ಬಂದರೂ, ಕರು ಅಡ್ಡ ನಿಂತರೂ ಗೊತ್ತಾಗುವುದಿಲ್ಲ. 'ಬರ್ಲಿ, ಬರ್ಲಿ' ಅಂತ ಹಿಂದೆ ನಿಂತು ಕೂಗುವವರ ದನಿ ಇಂಜಿನ್ ಸದ್ದಿನಲ್ಲಿ ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ಕೂಗುವವರೇ ಟ್ರೇಲರ್‌ಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಇದಕ್ಕೆ ಈಗ ಹಿಂಬದಿ ಕ್ಯಾಮೆರಾ ಸಿಗುತ್ತಿದೆ. ಆದರೆ ಮಾರುಕಟ್ಟೆಯಲ್ಲಿರುವ ಬಹುಪಾಲು ಸೆಟ್‌ಗಳು ಕಾರಿಗೆ ಅಂತ ಮಾಡಿದವು. ಕಾರಿಗೆ ಗಾಜು ಇದೆ, ಛಾವಣಿ ಇದೆ, ಟಾರು ರಸ್ತೆ ಇದೆ. ನಮ್ಮಲ್ಲಿ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ ಕ್ಯಾಬಿನ್ನೇ ಇಲ್ಲ. ಅಂಗಡಿಯವರು ಮೊದಲು ಹೇಳುವುದು ಪರದೆ ಎಷ್ಟು ಇಂಚು, ಚಿತ್ರ ಎಷ್ಟು ಸ್ಪಷ್ಟ ಅಂತ. ಟ್ರ್ಯಾಕ್ಟರ್ ಮಟ್ಟಿಗೆ ಅದು ಕೊನೆಯ ಪ್ರಶ್ನೆ. ಹಿಂದೆ ಏನು ಕಟ್ಟುತ್ತೀರಿ, ಕ್ಯಾಮೆರಾ ಎಲ್ಲಿ ಕೂರುತ್ತದೆ, ಅಲ್ಲಿಂದ ಏನು ಕಾಣಬೇಕು ಎನ್ನುವುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಉಳಿದಿದ್ದೆಲ್ಲ ಅದರ ಮೇಲೆ ನಿಂತಿದೆ.

ವೈರ್‌ಲೆಸ್ಸೇ ಬೇಕಾ?

ನಿಮ್ಮ ಟ್ರ್ಯಾಕ್ಟರ್ ಹಿಂದೆ ಯಾವಾಗಲೂ ರೋಟವೇಟರ್, ಕಲ್ಟಿವೇಟರ್, ನೇಗಿಲು ಇವೇ ಇರುತ್ತವೆ ಅಂತಾದರೆ ವೈರ್ ಇರುವ ಕ್ಯಾಮೆರಾ ತೆಗೆದುಕೊಳ್ಳಿ. ಕ್ಯಾಮೆರಾವನ್ನು ಮಡ್‌ಗಾರ್ಡ್ ಮೇಲೋ ಸೀಟಿನ ಹಿಂದಿನ ಕಂಬಿಗೋ ಬಿಗಿದರೆ ವೈರ್ ಟ್ರ್ಯಾಕ್ಟರ್ ಬಿಟ್ಟು ಆಚೆ ಹೋಗುವುದೇ ಇಲ್ಲ. ದುಡ್ಡು ಕಮ್ಮಿ, ಚಿತ್ರ ನಿಲ್ಲುವ ಚಿಂತೆಯೂ ಇಲ್ಲ.

ವೈರ್‌ಲೆಸ್ ಬೇಕಾಗುವುದು ಟ್ರೇಲರ್ ಇದ್ದಾಗ. ಟ್ರೇಲರ್ ಹಿಂಬದಿಯಿಂದ ಸ್ಟೀರಿಂಗ್‌ವರೆಗೆ ವೈರ್ ಎಳೆದರೆ ಕೊಂಡಿಯ ಹತ್ತಿರ ಅದು ತಿರುವಿನಲ್ಲಿ ಜಗ್ಗುತ್ತದೆ, ಉಜ್ಜುತ್ತದೆ. ಒಂದು ದಿನ ವೈರ್ ಬಿಚ್ಚುವುದು ಮರೆತು ಟ್ರ್ಯಾಕ್ಟರ್ ಮುಂದೆ ಓಡಿಸಿದರೆ ಕಿತ್ತೇ ಹೋಗುತ್ತದೆ. ಬೆಳಿಗ್ಗೆ ಗೊಬ್ಬರದ ಟ್ರೇಲರ್, ಮಧ್ಯಾಹ್ನ ನೀರಿನ ಟ್ಯಾಂಕರ್ ಅಂತ ಬದಲಾಯಿಸುತ್ತಾ ಇರುವವರಿಗೂ ವೈರ್‌ಲೆಸ್ಸೇ ಅನುಕೂಲ.

ಮೊಬೈಲ್ ಹಿಡಿದು ಜಾಗ ಗೊತ್ತು ಮಾಡಿ

ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದರೂ ಬಹಳ ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ಇಬ್ಬರು ಬೇಕು, ಎರಡು ಮೊಬೈಲ್ ಬೇಕು. ವಿಡಿಯೊ ಕಾಲ್ ಹಾಕಿ. ಒಬ್ಬರು ಸೀಟಿನ ಮೇಲೆ ಕೂತು ನೋಡಲಿ, ಇನ್ನೊಬ್ಬರು ಟ್ರೇಲರ್ ಹಿಂದೆ ಬೇರೆ ಬೇರೆ ಕಡೆ ಮೊಬೈಲ್ ಹಿಡಿಯಲಿ. ಹಲಗೆಯ ಮೇಲಂಚು, ಕೆಳಗಿನ ಅಡ್ಡಪಟ್ಟಿ, ಬಲ ಮೂಲೆ, ಎಡ ಮೂಲೆ. ಎಲ್ಲಿಂದ ನೆಲ ಚೆನ್ನಾಗಿ ಕಾಣುತ್ತದೆ ಅಂತ ಅಲ್ಲೇ ತಿಳಿಯುತ್ತದೆ.

ನೀವು ಏನು ತುಂಬುತ್ತೀರಿ ಎನ್ನುವುದೂ ಇಲ್ಲಿ ಮುಖ್ಯ. ಮಣ್ಣು, ಜಲ್ಲಿ, ಮೆಕ್ಕೆಜೋಳದ ಚೀಲ ಹೇರುವವರಿಗೆ ಹಿಂದಿನ ಹಲಗೆಯ ಮೇಲಂಚು ಒಳ್ಳೆಯ ಜಾಗ. ಎತ್ತರದಿಂದ ಕೆಳಗೆ ನೋಡಿದರೆ ನೆಲ ಜಾಸ್ತಿ ಕಾಣುತ್ತದೆ. ಆದರೆ ಹಲಗೆ ಕೆಳಗಿಳಿಸಿ ಮಣ್ಣು ಸುರಿಯುವವರಾದರೆ ಕ್ಯಾಮೆರಾವನ್ನು ಪಕ್ಕದ ಮೂಲೆ ಕಂಬಕ್ಕೆ ಸರಿಸಬೇಕು. ಕಬ್ಬಿನವರ ಕಥೆ ಬೇರೆ. ಮುಧೋಳ, ಗೋಕಾಕ, ಚಿಕ್ಕೋಡಿ ಕಡೆ ಒಂದೇ ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್ ಕಟ್ಟಿ ಕಬ್ಬು ಸಾಗಿಸುತ್ತಾರಲ್ಲ, ಅಲ್ಲಿ ಹೊರೆ ಎಲ್ಲಾ ಕಡೆಗೂ ಹೊರಚಾಚಿರುತ್ತದೆ. ಮೇಲೆ ಕೂರಿಸಿದ ಕ್ಯಾಮೆರಾದ ಕಣ್ಣಿಗೆ ಕಬ್ಬಿನ ಸೋಗೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಂಥವರು ಕೆಳಗಿನ ಅಡ್ಡಪಟ್ಟಿಯನ್ನೇ ನಂಬಬೇಕು, ಅಲ್ಲಿ ಎದ್ದ ಕೆಸರು ಸಿಡಿಯುತ್ತದೆ ಅಂತ ಗೊತ್ತಿದ್ದೇ.

ಜಾಗ ಗೊತ್ತಾದ ಮೇಲೆ ಒಂದು ಬಿಂದಿಗೆಯನ್ನು ಸ್ಟೂಲಿನ ಮೇಲಿಟ್ಟು ಸುಮಾರು 3 ಅಡಿ ಎತ್ತರ ಮಾಡಿ. ಅದು ಪುಟ್ಟ ಮಗುವಿನ ಎತ್ತರ. ಟ್ರೇಲರ್‌ಗೆ ತಾಗಿಸಿ ಇಟ್ಟು, ಮೊಬೈಲ್‌ನಲ್ಲಿ ಬಿಂದಿಗೆ ಪೂರ್ತಿ ಕಾಣುವವರೆಗೆ ಅಡಿ ಅಡಿಯಾಗಿ ಹಿಂದಕ್ಕೆ ಸರಿಸಿ. ಕಾಣದೆ ಉಳಿದ ಆ ನೆಲ ಎಷ್ಟು ಅಂತ ಅಳೆದು ಬರೆದಿಟ್ಟುಕೊಳ್ಳಿ. ನೋಟದ ಕೋನ 120 ಡಿಗ್ರಿ ಇರುವ ಕ್ಯಾಮೆರಾ ಸಾಮಾನ್ಯವಾಗಿ ಸಾಕು. 170 ಡಿಗ್ರಿಯದ್ದು ಅಗಲ ತೋರಿಸುತ್ತದೆ ನಿಜ, ಆದರೆ ಅಂಚಿನಲ್ಲಿ ಎಲ್ಲವೂ ಬಾಗಿ ಕಾಣುತ್ತದೆ, ಹತ್ತಿರದ ಗೋಡೆ ದೂರ ಇದ್ದ ಹಾಗೆ ಅನ್ನಿಸುತ್ತದೆ.

ಪರದೆ ಮೇಲೆ ಬರುವ ಹಸಿರು, ಹಳದಿ, ಕೆಂಪು ಗೆರೆಗಳನ್ನು ನಂಬಬೇಡಿ. ಅವು ಕಾರಿನ ಅಗಲ, ಕಾರಿನ ಎತ್ತರಕ್ಕೆ ಲೆಕ್ಕ ಹಾಕಿದವು. ಗೆರೆ ಆಫ್ ಮಾಡುವ ಸೌಲಭ್ಯ ಇರುವುದನ್ನೇ ಕೊಳ್ಳಿ.

ಸಿಗ್ನಲ್ ಯಾವ ಬಗೆಯದು?

ವೈರ್‌ಲೆಸ್ ಅಂದರೆ ಎಲ್ಲವೂ ಒಂದೇ ಅಲ್ಲ. ಮುಖ್ಯವಾಗಿ ಮೂರು ಬಗೆ ಸಿಗುತ್ತದೆ.

ಹಳೆಯದು ಅನಲಾಗ್. ಅಗ್ಗ. ಆದರೆ ಹತ್ತಿರದಲ್ಲಿ ಬೇರೆ ಸಿಗ್ನಲ್ ಇದ್ದರೆ ಗೆರೆ ಗೆರೆಯಾಗಿ, ಚುಕ್ಕಿ ಚುಕ್ಕಿಯಾಗಿ ಬರುತ್ತದೆ. ಪಕ್ಕದ ಟ್ರ್ಯಾಕ್ಟರ್‌ನಲ್ಲೂ ಅಂಥದ್ದೇ ಸೆಟ್ ಇದ್ದರೆ ಅವರ ಕ್ಯಾಮೆರಾ ಚಿತ್ರ ನಿಮ್ಮ ಪರದೆಗೆ ಬಂದುಬಿಡಬಹುದು. ಸಕ್ಕರೆ ಕಾರ್ಖಾನೆ ಮುಂದೆ ಸಾಲುಗಟ್ಟಿ ನಿಂತಾಗ ಹೀಗಾದರೆ ಏನು ಗತಿ ಹೇಳಿ. ಇದನ್ನು ಬಿಟ್ಟುಬಿಡಿ.

ಎರಡನೆಯದು ವೈಫೈ ಕ್ಯಾಮೆರಾ. ಪರದೆ ಬೇಕಿಲ್ಲ, ಮೊಬೈಲ್‌ನಲ್ಲೇ ಆ್ಯಪ್ ಹಾಕಿಕೊಂಡು ನೋಡಬಹುದು. ಕೊಂಡಿ ಸಿಕ್ಕಿಸುವಾಗ ನೋಡಿಕೊಳ್ಳುವಂಥ ಐದು ನಿಮಿಷದ ಕೆಲಸಕ್ಕೆ ಪರವಾಗಿಲ್ಲ. ದಿನವಿಡೀ ದುಡಿಯುವ ಗಾಡಿಗೆ ಬೇಡ. ಬಿಸಿಲಿಗೆ ಮೊಬೈಲ್ ಕಾದರೆ ಬೆಳಕು ತಾನಾಗಿಯೇ ಕಮ್ಮಿ ಮಾಡಿಕೊಳ್ಳುತ್ತದೆ. ರಿವರ್ಸ್ ಅರ್ಧದಲ್ಲಿರುವಾಗ ಫೋನ್ ಬಂದರೆ ಚಿತ್ರ ಮರೆಯಾಗುತ್ತದೆ.

ಮೂರನೆಯದು ಡಿಜಿಟಲ್. ಕ್ಯಾಮೆರಾ ಮತ್ತು ಮಾನಿಟರ್ ಜೋಡಿಯಾಗಿ ಬರುತ್ತವೆ, ಪರಸ್ಪರ ಗುರುತು ಹಿಡಿದು ಮಾತ್ರ ಕೆಲಸ ಮಾಡುತ್ತವೆ. ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್‌ನಲ್ಲಿ ಓಡುತ್ತವೆ. ಟ್ರೇಲರ್ ಇರುವವರು ಕೊಳ್ಳಬೇಕಾದ್ದು ಇದನ್ನೇ. ಈ ಫ್ರೀಕ್ವೆನ್ಸಿ ಬಳಸಲು ನೀವು ಪರವಾನಗಿ ಪಡೆಯಬೇಕಿಲ್ಲ, ಆದರೆ ಮಾರುವ ಸಾಧನಕ್ಕೆ ದೂರಸಂಪರ್ಕ ಇಲಾಖೆಯಲ್ಲಿ ವೈರ್‌ಲೆಸ್ ವ್ಯವಹಾರ ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗದ ಇಟಿಎ, ಅಂದರೆ ಸಾಧನದ ಮಾದರಿಗೆ ಕೊಡುವ ಒಪ್ಪಿಗೆ ಇರಬೇಕು. ಇದೆಯಾ ಅಂತ ಕೇಳಿ.

ಡಬ್ಬದ ಮೇಲೆ '100 ಮೀಟರ್ ದೂರ' ಅಂತ ಬರೆದಿರುತ್ತಾರೆ. ಅದು ಬಯಲಿನಲ್ಲಿ, ನಡುವೆ ಏನೂ ಅಡ್ಡ ಇಲ್ಲದಾಗ. ನಿಮ್ಮ ಕ್ಯಾಮೆರಾಕ್ಕೂ ಪರದೆಗೂ ನಡುವೆ ಕಬ್ಬಿಣದ ತೊಟ್ಟಿ ಇದೆ, ಅದರ ತುಂಬ ಹಸಿ ಕಬ್ಬೋ ಹುಲ್ಲೋ ಇದೆ. ಕಬ್ಬಿಣ ಸಿಗ್ನಲ್ಲನ್ನು ತಡೆಯುತ್ತದೆ, ನೀರಿನಂಶ ಹೀರುತ್ತದೆ. ಅದಕ್ಕೇ ಖಾಲಿ ಟ್ರೇಲರ್‌ನಲ್ಲಿ ನೋಡಿ ಖುಷಿಪಟ್ಟು ದುಡ್ಡು ಕೊಡಬೇಡಿ. ತುಂಬಿದ ಟ್ರೇಲರ್ ಕಟ್ಟಿ, ಇಂಜಿನ್ ಚಾಲೂ ಮಾಡಿ, ಪೂರ್ತಿ ಬಲಕ್ಕೆ, ಪೂರ್ತಿ ಎಡಕ್ಕೆ ತಿರುಗಿಸಿ ನೋಡಿ. ಸಿಗ್ನಲ್ ಕಡಿದು ಹೋದಾಗ ಪರದೆ ಏನು ಮಾಡುತ್ತದೆ ಅಂತಲೂ ಗಮನಿಸಿ. ಕಪ್ಪಾದರೆ ಒಳ್ಳೆಯದು, ಗೊತ್ತಾಗುತ್ತದೆ. ಹಳೆಯ ಚಿತ್ರವೇ ಅಲ್ಲಾಡದೆ ನಿಂತರೆ ಆ ಸೆಟ್ ವಾಪಸ್ ಕೊಡಿ. ಹಿಂದೆ ಯಾರೂ ಇಲ್ಲ ಅಂತ ಅದು ಸುಳ್ಳು ಹೇಳುತ್ತಿರುತ್ತದೆ.

ತಡ ಎಷ್ಟು ಅಂತ ಅಳೆಯಿರಿ

ವೈರ್‌ಲೆಸ್‌ನಲ್ಲಿ ಚಿತ್ರ ಸ್ವಲ್ಪ ತಡವಾಗಿ ಬರುತ್ತದೆ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುವ ಟ್ರೇಲರ್ ಒಂದು ಸೆಕೆಂಡಿಗೆ ಸುಮಾರು 1.4 ಮೀಟರ್ ಸರಿಯುತ್ತದೆ. ಚಿತ್ರ 0.2 ಸೆಕೆಂಡ್ ತಡವಾದರೆ 28 ಸೆಂಟಿಮೀಟರ್, ಅರ್ಧ ಸೆಕೆಂಡ್ ತಡವಾದರೆ 70 ಸೆಂಟಿಮೀಟರ್. ಅಂದರೆ ಎರಡು ಅಡಿಗೂ ಜಾಸ್ತಿ. ಬ್ರೇಕ್ ಒತ್ತಲು ನಿಮಗೆ ಬೇಕಾಗುವ ಸಮಯ ಇದರ ಮೇಲೆ ಸೇರುತ್ತದೆ.

ಅಳೆಯುವುದು ಸುಲಭ. ಒಂದು ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಓಡಿಸಿ ಕ್ಯಾಮೆರಾ ಮುಂದೆ ಹಿಡಿಯಿರಿ. ಪಕ್ಕದಲ್ಲೇ ಮಾನಿಟರ್ ಇಡಿ. ಇನ್ನೊಂದು ಮೊಬೈಲ್‌ನಿಂದ ಎರಡೂ ಬರುವಂತೆ ಒಂದು ಫೋಟೊ ತೆಗೆಯಿರಿ. ಸ್ಟಾಪ್‌ವಾಚ್ 12.80 ತೋರಿಸುವಾಗ ಮಾನಿಟರ್‌ನಲ್ಲಿ 12.60 ಇದ್ದರೆ ತಡ 0.20 ಸೆಕೆಂಡ್. ಅಷ್ಟರೊಳಗೆ ಇದ್ದರೆ ಸರಿ. ಅಂಗಡಿಯವರ ಮುಂದೆಯೇ ಮಾಡಿ, ಸಂಕೋಚ ಬೇಡ.

ಕರೆಂಟು ಎಲ್ಲಿಂದ?

ವೈರ್‌ಲೆಸ್ ಆದರೂ ಕ್ಯಾಮೆರಾಕ್ಕೆ ಕರೆಂಟು ಬೇಕಲ್ವಾ? ಕಾರಿನಲ್ಲಿ ರಿವರ್ಸ್ ಲೈಟಿನಿಂದ ತೆಗೆಯುತ್ತಾರೆ. ನಮ್ಮ ಬಹಳ ಟ್ರ್ಯಾಕ್ಟರ್‌ಗಳಲ್ಲಿ ರಿವರ್ಸ್ ಲೈಟೇ ಇಲ್ಲ. ಹಾಗಾಗಿ ಎರಡು ದಾರಿ.

ಟ್ರೇಲರ್ ಲೈಟಿನ ವೈರಿಂಗ್ ಸರಿಯಿದ್ದರೆ ಹಿಂದಿನ ಪಾರ್ಕಿಂಗ್ ಲೈಟಿನ ವೈರಿನಿಂದ ತೆಗೆಯಬಹುದು. ಲೈಟ್ ಸ್ವಿಚ್ ಹಾಕಿದಾಗ ಕ್ಯಾಮೆರಾ ಚಾಲೂ ಆಗುತ್ತದೆ. ಬ್ರೇಕ್ ಲೈಟು, ಇಂಡಿಕೇಟರ್ ವೈರಿಗೆ ಕೊಡಬೇಡಿ, ಬ್ರೇಕ್ ಒತ್ತಿದಾಗ ಮಾತ್ರ ಚಿತ್ರ ಬರುತ್ತದೆ. ಟ್ರೇಲರ್ ವೈರಿಂಗ್ ಹಾಳಾಗಿದ್ದರೆ ಈ ನೆಪದಲ್ಲಾದರೂ ಸರಿಮಾಡಿಸಿ. ರಾತ್ರಿ ರಸ್ತೆಯಲ್ಲಿ ಹಿಂದಿನ ಕೆಂಪು ಲೈಟು ಮತ್ತು ರಿಫ್ಲೆಕ್ಟರ್ ಪಟ್ಟಿ ಇಲ್ಲದ ಕಬ್ಬಿನ ಟ್ರೇಲರ್‌ಗೆ ಬೈಕಿನವರು ಬಂದು ಗುದ್ದುತ್ತಾರೆ. ಕೈಯಲ್ಲಿ ಇರುವುದು ಒಂದಕ್ಕೆ ಸಾಕಾಗುವ ದುಡ್ಡು ಅಂತಾದರೆ ಮೊದಲು ಲೈಟು ಮತ್ತು ಪಟ್ಟಿ ಹಾಕಿಸಿ, ಕ್ಯಾಮೆರಾ ಆಮೇಲೆ.

ಇನ್ನೊಂದು ದಾರಿ ಬ್ಯಾಟರಿ ಇರುವ ಮ್ಯಾಗ್ನೆಟ್ ಕ್ಯಾಮೆರಾ. ಟ್ರೇಲರ್ ಬದಲಾದರೆ ಕಿತ್ತು ಇನ್ನೊಂದಕ್ಕೆ ಅಂಟಿಸಬಹುದು. ರಾತ್ರಿ ಚಾರ್ಜಿಗೆ ಹಾಕುವ ಅಭ್ಯಾಸ ಬೇಕು. ದಪ್ಪ ಬಣ್ಣ, ತುಕ್ಕು, ಒಣಗಿದ ಕೆಸರು ಇದ್ದಲ್ಲಿ ಮ್ಯಾಗ್ನೆಟ್ ಗಟ್ಟಿ ಹಿಡಿಯುವುದಿಲ್ಲ. ಆ ಜಾಗ ಉಜ್ಜಿ ಶುಚಿ ಮಾಡಿ, ಮೇಲೆ ಒಂದು ಗಟ್ಟಿ ದಾರವನ್ನೂ ಕಟ್ಟಿ. ಗುಂಡಿಗೆ ಚಕ್ರ ಇಳಿದಾಗ ಕ್ಯಾಮೆರಾ ಬಿದ್ದರೂ ದಾರಕ್ಕೆ ನೇತಾಡುತ್ತದೆ.

ಮಾನಿಟರ್‌ಗೆ ಟ್ರ್ಯಾಕ್ಟರ್‌ನ 12 ವೋಲ್ಟ್ ಬ್ಯಾಟರಿ ಸಾಕು, ಕೀ ಆನ್ ಮಾಡಿದ ಮೇಲೆ ಮಾತ್ರ ಕರೆಂಟು ಬರುವ ಕಡೆಯಿಂದ ಕೊಡಿಸಿ. ನಡುವೆ ಫ್ಯೂಸ್ ಕಡ್ಡಾಯ. ಟ್ರೇಲರ್‌ಗೆ ವೆಲ್ಡಿಂಗ್ ಮಾಡಿಸುವಾಗ ಕ್ಯಾಮೆರಾದ ವೈರ್ ಬಿಚ್ಚಿಡಿ.

ಧೂಳು, ನೀರು, ಬಿಸಿಲು

ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಐಪಿ ಅನ್ನುವ ಸಂಖ್ಯೆ ನೋಡಿ. ಮೊದಲ ಅಂಕಿ 6 ಇದ್ದರೆ ಒಳಗೆ ಧೂಳು ಹೋಗುವುದಿಲ್ಲ. ಐಪಿ67 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಾಳುತ್ತದೆ. ಆದರೆ ಪ್ರೆಷರ್ ವಾಷರ್‌ನ ಜೋರು ನೀರಿಗೆ ಅದು ಲೆಕ್ಕವಲ್ಲ, ಅದಕ್ಕೆ ಐಪಿ69ಕೆ ಬೇಕು. ಇಲ್ಲದಿದ್ದರೆ ತೊಳೆಯುವಾಗ ಕ್ಯಾಮೆರಾ ಕಿತ್ತಿಡಿ. ಈ ಸಂಖ್ಯೆ ಹೆಚ್ಚಿನ ಸೆಟ್‌ಗಳಲ್ಲಿ ಕ್ಯಾಮೆರಾಕ್ಕೆ ಮಾತ್ರ ಇರುತ್ತದೆ, ಮಾನಿಟರ್‌ಗೆ ಇರುವುದಿಲ್ಲ. ಕ್ಯಾಬಿನ್ ಇಲ್ಲದ ಗಾಡಿಯಲ್ಲಿ ಮಳೆಗೆ ನೆನೆಯುವುದು ಮಾನಿಟರ್ರೇ. ಅದಕ್ಕೂ ನೀರು ತಡೆಯುವ ಗುಣ ಇದೆಯಾ ಅಂತ ಬೇರೆಯಾಗಿ ಕೇಳಿ.

ಪರದೆ ಮಧ್ಯಾಹ್ನದ ಬಿಸಿಲಲ್ಲಿ ಕಾಣದಿದ್ದರೆ ಇದ್ದೂ ಇಲ್ಲದ ಹಾಗೆ. ಅಂಗಡಿ ಒಳಗೆ ನೋಡಬೇಡಿ, ಆಚೆ ತಂದು ನೋಡಿ. ಬೆಳಕಿನ ಅಳತೆ ನಿಟ್ ಅಂತ ಬರೆದಿರುತ್ತಾರೆ, ನೇರ ಬಿಸಿಲಿಗೆ 1000ದ ಹತ್ತಿರ ಇದ್ದರೆ ಚೆನ್ನ. ಅದಕ್ಕಿಂತ ಕಮ್ಮಿ ಇದ್ದರೆ ಕ್ಯಾನೊಪಿ ನೆರಳು ಮತ್ತು ಪರದೆಗೆ ಮರೆ ಬೇಕೇ ಬೇಕು. ಅಳತೆಯಲ್ಲಿ 7 ಇಂಚು ಸಾಕು.

ಕೂರಿಸಿದ ಮೇಲೆ

ಮೊದಲು ಎಡಬಲ ನೋಡಿ. ಒಬ್ಬರನ್ನು ಟ್ರೇಲರ್‌ನ ಬಲ ಮೂಲೆಯಲ್ಲಿ ನಿಲ್ಲಿಸಿ. ಪರದೆಯಲ್ಲೂ ಅವರು ಬಲಕ್ಕೇ ಕಾಣಬೇಕು, ಕನ್ನಡಿಯಲ್ಲಿ ಕಾಣುವಂತೆ. ಎಡಕ್ಕೆ ಕಂಡರೆ ಮೆನುವಿನಲ್ಲಿ ಮಿರರ್ ಆಯ್ಕೆ ಬದಲಾಯಿಸಿ. ಇದನ್ನು ಮಾಡದೆ ಒಂದು ಅಡಿಯೂ ಹಿಂದೆ ಹೋಗಬೇಡಿ.

ಟ್ರೇಲರ್ ಹಿಂಬದಿಯ ಕ್ಯಾಮೆರಾ ಹಿಂದೆ ಏನಿದೆ ಅಂತ ತೋರಿಸುತ್ತದೆ. ಟ್ರ್ಯಾಕ್ಟರ್‌ಗೂ ಟ್ರೇಲರ್‌ಗೂ ನಡುವಿನ ಮಡಿಕೆ ಎಷ್ಟಾಗಿದೆ ಅಂತ ತೋರಿಸುವುದಿಲ್ಲ. ಪರದೆಯನ್ನೇ ನೋಡುತ್ತಾ ಹೋದರೆ ಕೊಂಡಿ ಮಡಚಿ ಟ್ರೇಲರ್ ಮೂಲೆ ಹಿಂದಿನ ಟೈರಿಗೆ ತಾಗುತ್ತದೆ. ಕತ್ತು ತಿರುಗಿಸಿ ಕೊಂಡಿ ನೋಡುವುದು ಈಗಲೂ ಬೇಕು. ಟ್ರೇಲರ್ ಅಡಿಯೂ, ಚಕ್ರಗಳ ನಡುವೆಯೂ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಮಕ್ಕಳಿರುವ ಅಂಗಳದಲ್ಲಿ ಇಳಿದು ಒಂದು ಸುತ್ತು ಬಂದು, ಹಾರ್ನ್ ಹೊಡೆದು, ಆಮೇಲೆ ರಿವರ್ಸ್ ಹಾಕಿ.

ರೋಟವೇಟರ್, ಒಕ್ಕಣೆ ಯಂತ್ರ ನೋಡಿಕೊಳ್ಳಲು ಎರಡನೇ ಕ್ಯಾಮೆರಾ ಹಾಕುವವರೂ ಇದ್ದಾರೆ. ದಿನವಿಡೀ ಸೊಂಟ ತಿರುಚಿ ಹಿಂದೆ ನೋಡುವುದು ತಪ್ಪುತ್ತದೆ, ಒಳ್ಳೆಯದೇ. ಆದರೆ ಇಂಜಿನ್ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ಕೊಡುವ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಪಂಚೆಯ ತುದಿಯೋ ಸೀರೆಯ ಸೆರಗೋ ಸಿಕ್ಕರೆ ಪರದೆಯಲ್ಲಿ ನೋಡಿ ನಿಲ್ಲಿಸುವಷ್ಟು ಹೊತ್ತು ಇರುವುದಿಲ್ಲ. ಶಾಫ್ಟ್ ಮೇಲಿನ ಪ್ಲಾಸ್ಟಿಕ್ ಕವರ್ ಒಡೆದಿದ್ದರೆ ಮೊದಲು ಅದನ್ನು ಹಾಕಿಸಿ.

ಲೆನ್ಸ್‌ನ ಧೂಳನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ನೀರು ಸುರಿದು ಮಣ್ಣು ಇಳಿಸಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕಬ್ಬಿನ ಹಂಗಾಮು ಮುಗಿದು ಟ್ರೇಲರ್ ನಿಂತ ಮೇಲೆ ಬ್ಯಾಟರಿ ಕ್ಯಾಮೆರಾವನ್ನು ಬಿಚ್ಚಿ, ಅರ್ಧದಷ್ಟು ಚಾರ್ಜ್ ಉಳಿಸಿ, ತಗಡಿನ ಶೆಡ್ಡಿನಲ್ಲಿ ಇಡದೆ ಮನೆಯೊಳಗೆ ತಂಪಾದ ಕಡೆ ಇಡಿ. ಮೂರು ತಿಂಗಳಿಗೊಮ್ಮೆ ತೆಗೆದು ನೋಡಿ ಮತ್ತೆ ಅರ್ಧಕ್ಕೆ ಚಾರ್ಜ್ ಮಾಡಿ.