ಜ್ಯೂರಿ ಇಲ್ಲದ ವಿಚಾರಣೆಗೆ ತಾರೀಖು ಸಿಕ್ಕಿದ್ದು ಹೀಗೆ

ಕ್ಯಾಲಿಫೋರ್ನಿಯಾದ ನಮ್ಮ ಮನೆಯ ಬಾಡಿಗೆದಾರರ ಮೇಲೆ ಖಾಲಿ ಮಾಡಿಸುವ ಕೇಸು ಹಾಕಿದ್ದೆ. ಅವರು ಉತ್ತರ ಸಲ್ಲಿಸಿದ ಮೇಲೆ ಎಲ್ಲ ತಣ್ಣಗಾಯಿತು. ಸುಮ್ನೆ ಕಾದರೆ ತಾರೀಖು ಬರುವುದಿಲ್ಲ, ಕೇಳಬೇಕು. ಅದಕ್ಕೇ ಯುಡಿ-150 ಅನ್ನುವ ಫಾರಂ ಇದೆ. ಜ್ಯೂರಿ, ಅಂದರೆ ಕೇಸು ಕೇಳಿ ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡ, ಬೇಡ ಅನ್ನುವ ಚೌಕಕ್ಕೆ ಗುರುತು ಹಾಕಿ, ವಿಚಾರಣೆಗೆ ಎರಡು ಗಂಟೆ ಸಾಕು ಅಂತ ಬರೆದೆ. ನನಗೆ ಬರಲಾಗದ ದಿನಗಳನ್ನೂ ಸೇರಿಸಿದೆ. ಪ್ರತಿಯನ್ನು ಎದುರು ಪಾರ್ಟಿಗೆ ಅಂಚೆಯಲ್ಲಿ ಕಳಿಸಬೇಕು. ಆದರೆ ನಾವೇ ಹಾಕುವಂತಿಲ್ಲ ನೋಡಿ! ಕೇಸಿನಲ್ಲಿ ಇಲ್ಲದ, 18 ತುಂಬಿದವರು ಅಂಚೆಗೆ ಹಾಕಿ, ಹಾಕಿದ್ದೇನೆ ಅಂತ ಸಹಿ ಮಾಡಬೇಕು. ಗೆಳೆಯ ಮಾಡಿಕೊಟ್ಟ. ಕೇಳಿದ 20 ದಿನದೊಳಗೆ ವಿಚಾರಣೆ ಆಗಬೇಕು ಅನ್ನುವುದು ಇಲ್ಲಿನ ಕಾನೂನು. ಅಷ್ಟರೊಳಗಿನ ತಾರೀಖೇ ಬಂತು. ಎದುರಿನವರು ಜ್ಯೂರಿ ಕೇಳಬಹುದಿತ್ತು. ಅದಕ್ಕೆ ಸಾಮಾನ್ಯವಾಗಿ 150 ಡಾಲರ್ ಕಟ್ಟಬೇಕು, ಅವರು ಕೇಳಲಿಲ್ಲ.