ಇಕಾಲುಯಿಟ್‌ಗೆ ಬರುವ ಕನ್ನಡದವರಿಗೆ: ಚಳಿ, ಚರ್ಮದ ಉಡುಪು ಮತ್ತು ನಾನು ಮಾಡಿದ ತಪ್ಪುಗಳು

ಕೆನಡಾದ ಉತ್ತರ ತುದಿಯ ನುನಾವುಟ್ ಪ್ರದೇಶದ ರಾಜಧಾನಿ ಇಕಾಲುಯಿಟ್‌ನಲ್ಲಿ ಕೆಲಸ ಸಿಕ್ಕಿತೆಂದು ಊರಿನಿಂದ ಯಾರು ಕರೆ ಮಾಡಿದರೂ ಮೊದಲು ಕೇಳುವುದು ಒಂದೇ: ಎಷ್ಟು ದಪ್ಪದ ಜಾಕೆಟ್ ತರಬೇಕು? ಹನ್ನೊಂದು ವರ್ಷಗಳ ಹಿಂದೆ ನಾನೂ ಅದನ್ನೇ ಕೇಳಿದ್ದೆ. ಉತ್ತರ ಹೇಳಿದ ಪರಿಚಯದವರು ಟೊರೊಂಟೊದಲ್ಲಿದ್ದರು, ಅಲ್ಲಿಯ ಚಳಿಯನ್ನು ನೆನೆದು ಹೇಳಿದರು. ಅದನ್ನು ನಂಬಿ ನಾನು ಪಟ್ಟ ಪಾಡು ನಿಮಗೆ ಬೇಡ.

ಕಾಗದಪತ್ರದ ಕೆಲಸ ಬೇಗ ಮುಗಿಯುತ್ತದೆ. ಆರೋಗ್ಯ ಕಾರ್ಡ್, ಸಿನ್ ಸಂಖ್ಯೆ (ಕೆಲಸಕ್ಕೆ, ತೆರಿಗೆಗೆ ಬೇಕಾಗುವ ಸರ್ಕಾರಿ ಗುರುತಿನ ಸಂಖ್ಯೆ), ಚಾಲನಾ ಪರವಾನಗಿ, ಬ್ಯಾಂಕ್ ಖಾತೆ ಎಲ್ಲವನ್ನೂ ಬಂದ ವಾರದಲ್ಲೇ ಮಾಡಿಸಿಕೊಳ್ಳಿ. ಹೊರಗಿನಿಂದ ಈ ಊರಿಗೆ ರಸ್ತೆಯಿಲ್ಲ. ಅಕ್ಕಿ, ಬೇಳೆ, ರಾಗಿಹಿಟ್ಟನ್ನು ಬೇಸಿಗೆಯಲ್ಲಿ ಬರುವ ಹಡಗಿಗೆ ವರ್ಷಕ್ಕಾಗುವಷ್ಟು ಹೇಳಿಡಿ.

ಇನ್ನು ಚಳಿ. ಜನವರಿ, ಫೆಬ್ರವರಿಯಲ್ಲಿ ಮೈನಸ್ 30 ಡಿಗ್ರಿ ಇಲ್ಲಿ ದಿನನಿತ್ಯದ ಮಾತು. ಗಾಳಿ ಎದ್ದರೆ ಮೈಗೆ ಅದು ಮೈನಸ್ 45ರಂತೆ ತಟ್ಟುತ್ತದೆ. ಆಗ ಮುಚ್ಚದ ಚರ್ಮ ಐದರಿಂದ ಹತ್ತು ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆ. ಲೋಹದ ಮೂಗುತಿ, ಓಲೆಗಳನ್ನು ಅಂಥ ದಿನ ತೆಗೆದಿಟ್ಟೇ ಹೊರಗೆ ಹೋಗಿ. ತಲೆಗೆ ಎರೆದುಕೊಂಡ ದಿನ ಕೂದಲು ಪೂರ್ತಿ ಒಣಗುವವರೆಗೆ ಬಾಗಿಲು ತೆರೆಯಬೇಡಿ.

ಮೊದಲ ಚಳಿಗಾಲದಲ್ಲಿ ನಾನು ಊರಿನಿಂದ ತಂದ ಹತ್ತಿಯ ಒಳಉಡುಪು ಹಾಕಿ, ಮೂರು ಜೊತೆ ಕಾಲುಚೀಲಗಳನ್ನು ಬೂಟಿನೊಳಗೆ ಬಿಗಿಯಾಗಿ ತುರುಕಿ, ಹೊತ್ತಾಯಿತೆಂದು ದಿಬ್ಬವನ್ನು ಬಿರಬಿರನೆ ಹತ್ತಿ ಹೋದೆ. ಮೇಲೆ ಮುಟ್ಟುವಷ್ಟರಲ್ಲಿ ಬೆನ್ನೆಲ್ಲ ಬೆವರು. ಅಲ್ಲಿ ಟ್ಯಾಕ್ಸಿಗಾಗಿ ಕಾಯುತ್ತ ನಿಂತಾಗ ಆ ಬೆವರೇ ನನಗೆ ಶತ್ರುವಾಯಿತು. ಒದ್ದೆ ಹತ್ತಿ ಬೆನ್ನಿಗೆ ಮಂಜುಗಡ್ಡೆಯಂತೆ ಅಂಟಿಕೊಂಡಿತು, ಬೆರಳುಗಳ ಅರಿವೇ ಹೋಯಿತು. ಕಚೇರಿಯಲ್ಲಿ ಬೂಟು ಕಳಚಿದಾಗ ಕಾಲ್ಬೆರಳ ತುದಿಗಳು ಮೇಣದಂತೆ ಬೆಳ್ಳಗಾಗಿದ್ದವು. ಜೊತೆಯಲ್ಲಿ ಕೆಲಸ ಮಾಡುವ, ಇಲ್ಲಿಯ ಮೂಲನಿವಾಸಿಗಳಾದ ಇನುಯಿಟ್ ಜನರ ಹೆಂಗಸು ನನ್ನ ಪಾದಗಳನ್ನು ತನ್ನ ಅಂಗೈಗಳ ನಡುವೆ ಹಿಡಿದುಕೊಂಡು ಸುಮ್ಮನೆ ಕುಳಿತರು. ಎಷ್ಟೋ ಹೊತ್ತಿನ ಮೇಲೆ, "ಬಿಗಿ ಇರಬಾರದು, ಒದ್ದೆ ಆಗಬಾರದು" ಎಂದರು. ಚಳಿಯ ಬಗ್ಗೆ ಈ ಊರಿನಲ್ಲಿ ನಾನು ಕಲಿತ ಮಿಕ್ಕಿದ್ದೆಲ್ಲ ಆ ಎರಡು ಮಾತುಗಳ ವಿವರಣೆ.

ಇನುಯಿಟ್ ಜನರ ಹಳೆಯ ಉಡುಪು ಹೊಲಿದದ್ದೇ ಹಾಗೆ. ಕ್ಯಾರಿಬೂ ಜಿಂಕೆಯ ಚರ್ಮದ ಎರಡು ಅಂಗಿಗಳು. ಒಳಗಿನದರ ರೋಮ ಮೈಯ ಕಡೆಗೆ, ಹೊರಗಿನದರ ರೋಮ ಗಾಳಿಯ ಕಡೆಗೆ. ಆ ರೋಮದ ಒಳಗೆಲ್ಲ ಗಾಳಿ ತುಂಬಿದ ಪುಟ್ಟ ಪುಟ್ಟ ಪೊಳ್ಳುಗಳು. ಅಂಗಿಗೆ ಎದುರಿನಲ್ಲಿ ಗುಂಡಿಯಿಲ್ಲ, ಸೀಳಿಲ್ಲ. ತಲೆಯ ಮೇಲಿಂದ ತೊಡಬೇಕು. ಸಡಿಲವಾಗಿರುವುದರಿಂದ ಮೈಯ ಬಿಸಿ ಒಳಗೇ ಸುಳಿದಾಡುತ್ತದೆ. ಸೆಕೆ ಹೆಚ್ಚಾದರೆ ಅಂಗಿಗೇ ಸೇರಿಸಿ ಹೊಲಿದ ಟೊಪ್ಪಿಗೆಯನ್ನು ಹಿಂದೆ ಸರಿಸಿದರೆ ಸಾಕು, ಬಿಸಿ ಕುತ್ತಿಗೆಯಿಂದ ಹೊರಗೆ ಹೋಗುತ್ತದೆ, ಬೆವರು ಕಟ್ಟುವುದಿಲ್ಲ. ಟೊಪ್ಪಿಗೆಯ ಅಂಚಿಗೆ ವೊಲ್ವರಿನ್ ಎಂಬ ಉತ್ತರದ ಕಾಡುಪ್ರಾಣಿಯ ಅಥವಾ ತೋಳದ ತುಪ್ಪಳ, ಏಕೆಂದರೆ ಉಸಿರಿನ ಇಬ್ಬನಿ ಅದರ ಮೇಲೆ ಹೆಪ್ಪುಗಟ್ಟಿದರೂ ಕೊಡವಿದರೆ ಉದುರುತ್ತದೆ. ನಾರ್ವೆಯ ಧ್ರುವ ಅನ್ವೇಷಕ ಅಮುಂಡ್ಸೆನ್ 1903ರಿಂದ 1905ರವರೆಗೆ ಇದೇ ನುನಾವುಟ್‌ನ ಜೋವಾ ಹೇವನ್‌ನಲ್ಲಿ ಹಡಗು ನಿಲ್ಲಿಸಿಕೊಂಡು ನೆಟ್ಸಿಲಿಕ್ ಇನುಯಿಟ್ ಜನರಿಂದ ಈ ವಿದ್ಯೆ ಕಲಿತರು. ಆ ವಿದ್ಯೆಯ ನೆರವಿನಿಂದ 1911ರ ಡಿಸೆಂಬರ್ 14ರಂದು ಅವರು ದಕ್ಷಿಣ ಧ್ರುವ ಮುಟ್ಟಿದ್ದನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಚರ್ಮ ಹದ ಮಾಡಿ ಹೊಲಿಯುವುದನ್ನು ಬಲ್ಲ ಹೆಂಗಸರ ಮಾತು ಆ ಪಾಠದಲ್ಲಿ ಒಂದು ಸಾಲೂ ಇರಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕ್ಯಾರಿಬೂ ಉಡುಪು ಈಗ ಇಕಾಲುಯಿಟ್ ಇರುವ ಬ್ಯಾಫಿನ್ ದ್ವೀಪದಲ್ಲಿ ಸುಲಭವಾಗಿ ಸಿಗದು. ಜಿಂಕೆಗಳ ಸಂಖ್ಯೆ ಕುಸಿದು 2015ರಲ್ಲಿ ಬೇಟೆಯನ್ನೇ ನಿಲ್ಲಿಸಬೇಕಾಯಿತು, ಆಮೇಲೆ ಮಿತಿ ಹಾಕಿ ತೆರೆದರು. ನಿಮಗೆ ದೊರೆಯುವುದು ಬಟ್ಟೆಯ ಪಾರ್ಕಾ (ಟೊಪ್ಪಿಗೆ ಇರುವ ದಪ್ಪ ಮೇಲಂಗಿ), ಸೀಲ್ ಎಂಬ ಕಡಲಪ್ರಾಣಿಯ ಚರ್ಮದ ಕೈಗವಸು, ಮತ್ತು ಕಮಿಕ್ ಎಂಬ ಬೂಟು. ಸ್ಥಳೀಯ ಹೆಂಗಸರೇ ಹೊಲಿದು ಮಾರುತ್ತಾರೆ. ದಯವಿಟ್ಟು ಚೌಕಾಸಿ ಮಾಡಬೇಡಿ. ನಾನು ಮಾಡಿದೆ. ನೂರಾರು ಡಾಲರ್ ಎಂದಾಗ ಊರಿನ ಸಂತೆಯ ಅಭ್ಯಾಸ ನಾಲಿಗೆಗೆ ಬಂತು, ಅರ್ಧಕ್ಕೆ ಕೇಳಿಬಿಟ್ಟೆ. ಮಾರುತ್ತಿದ್ದ ಅಜ್ಜಿ ಏನೂ ಹೇಳಲಿಲ್ಲ. ಕಮಿಕ್ ಒಂದನ್ನು ಒಳಗು ಹೊರಗು ಮಾಡಿ ಹೊಲಿಗೆ ತೋರಿಸಿದರು. ಸೂಜಿ ಚರ್ಮದ ಅರ್ಧ ದಪ್ಪದವರೆಗೆ ಮಾತ್ರ ಹೋಗಿ ಪಕ್ಕಕ್ಕೆ ಹೊರಳಿ ಬಂದಿದೆ, ಎಲ್ಲಿಯೂ ಆಚೆ ತೂರಿಲ್ಲ. ತೂತೇ ಇಲ್ಲದ ಮೇಲೆ ನೀರು ಒಳಗೆ ಬರುವುದು ಎಲ್ಲಿಂದ? ಅಂಥ ಹೊಲಿಗೆ ಅಂಗಾಲಿನ ಸುತ್ತ ಇರುವೆಯ ಸಾಲಿನಂತೆ ಹೋಗಿತ್ತು. ಹೇಳಿದ ಬೆಲೆ ಕೊಟ್ಟು ತಲೆ ತಗ್ಗಿಸಿ ಬಂದೆ.

ಅದಕ್ಕಿಂತ ದೊಡ್ಡ ತಪ್ಪು ಆಮೇಲೆ ಆಯಿತು. ವಸಂತದ ಕೆಸರು ಹಿಮದಲ್ಲಿ ಒದ್ದೆಯಾದ ಅದೇ ಕಮಿಕ್‌ಗಳನ್ನು ರಾತ್ರಿ ಹೀಟರ್ ಪಕ್ಕ ಇಟ್ಟು ಮಲಗಿದೆ. ಬೆಳಿಗ್ಗೆ ಸುಟ್ಟ ಹಪ್ಪಳದಂತೆ ಮುರುಟಿಕೊಂಡಿದ್ದವು. ಅಳುತ್ತ ಅಜ್ಜಿಯ ಬಳಿಗೆ ಹೋದೆ. ಅವರು ಬೆರಳಿನಿಂದ ಚರ್ಮವನ್ನು ಬಗ್ಗಿಸಿ ನೋಡಿದರು, ಅಟ್ಟೆಯ ಅಂಚನ್ನು ಬಾಯಿಗಿಟ್ಟು ಹಲ್ಲಿನಿಂದ ಮೆಲ್ಲಗೆ, ಇಂಚಿಂಚಾಗಿ ಕಚ್ಚಿ ಮೆದು ಮಾಡತೊಡಗಿದರು. ಅವರ ಮುಂದಿನ ಹಲ್ಲುಗಳು ಬಹುತೇಕ ಒಸಡಿನವರೆಗೆ ಸವೆದಿದ್ದುದನ್ನು ಅಂದೇ ನಾನು ಕಂಡದ್ದು. ಒಂದನ್ನು ಉಳಿಸಿಕೊಟ್ಟರು, ಇನ್ನೊಂದು ಬಿರುಕು ಬಿಟ್ಟಿತ್ತು. ಚರ್ಮದ ವಸ್ತುವನ್ನು ತಣ್ಣನೆಯ ಮೊಗಸಾಲೆಯಲ್ಲಿಡಿ, ಬೆಂಕಿಯ ಬಳಿಗೆ ಒಯ್ಯಬೇಡಿ. ಒಳಗೆ ಬರುವ ಮೊದಲು ಬಟ್ಟೆಗೆ ಅಂಟಿದ ಹಿಮವನ್ನು ಚೆನ್ನಾಗಿ ಬಡಿದು ಉದುರಿಸಿ. ಹಿಂದೆ ಅದಕ್ಕೆಂದೇ ಮನೆಮನೆಯಲ್ಲೂ ಒಂದು ಕೋಲು ಇರುತ್ತಿತ್ತು. ಕರಗಿದ ಹಿಮ ಚರ್ಮವನ್ನೂ ಕೆಡಿಸುತ್ತದೆ, ನಾಳೆಯ ಬಿಸಿಯನ್ನೂ ಕದಿಯುತ್ತದೆ.

ಸಸ್ಯಾಹಾರಿ ಮನೆಗಳಿಂದ ಬರುವವರಿಗೆ ಚರ್ಮ, ತುಪ್ಪಳ ಎಂದರೆ ಮೈ ಜುಮ್ಮೆನ್ನುತ್ತದೆ. ನನಗೂ ಹಾಗೆಯೇ ಇತ್ತು. ನಿಮ್ಮ ನಿಯಮ ನಿಮ್ಮದು, ಉಣ್ಣೆ ಮತ್ತು ಬಟ್ಟೆಯಲ್ಲೇ ಚಳಿಗಾಲ ಕಳೆಯಬಹುದು. ಆದರೆ ಇಲ್ಲಿಯವರ ಎದುರು ಉಪದೇಶ ಬೇಡ. ಮರವೇ ಬೆಳೆಯದ ನೆಲದಲ್ಲಿ ಸೀಲ್ ಊಟವಾಯಿತು, ಅದರ ಕೊಬ್ಬು ಕುಲ್ಲಿಕ್ ದೀಪಕ್ಕೆ ಎಣ್ಣೆಯಾಯಿತು, ಚರ್ಮ ಮೈಗೆ ಬಂತು. 1983ರಲ್ಲಿ ಯುರೋಪು ಸೀಲ್ ಮರಿಗಳ ಚರ್ಮದ ಆಮದನ್ನು ನಿಷೇಧಿಸಿದಾಗ ಆ ಮರಿಗಳ ಚರ್ಮದ ವ್ಯಾಪಾರ ಮಾಡದ ಇವರ ಮಾರುಕಟ್ಟೆಯೂ ಮುಳುಗಿತು. ಉಪನಯನದಲ್ಲಿ ವಟುವಿಗೆ ಕೃಷ್ಣಾಜಿನ ತೊಡಿಸುವ ನಾವು ಚರ್ಮದ ಮಾತಿಗೆ ಮೂಗು ಮುರಿಯುವ ಮೊದಲು ಒಂದು ಕ್ಷಣ ಯೋಚಿಸಬೇಕು.

ಮಗಳು ಹುಟ್ಟಿದ್ದು ಇಲ್ಲಿಯೇ. ಅದೇ ಅಜ್ಜಿಯಿಂದ ಅಮೌತಿ ಹೊಲಿಸಿಕೊಂಡೆ. ಬೆನ್ನಿನಲ್ಲಿ ಮಗುವಿಗೊಂದು ಚೀಲವಿರುವ ತಾಯಿಯ ಅಂಗಿ ಅದು. ಮಗು ಜಾರದಂತೆ ಸೊಂಟಕ್ಕೆ ಒಂದು ದಾರ. ತಾಯಿಯ ಮೈಬಿಸಿಯೇ ಮಗುವಿನ ಹೊದಿಕೆ. ಹೊರಗೆ ಹಿಮಗಾಳಿ ಸುಯ್ಯೆನ್ನುತ್ತಿದ್ದರೆ ಮಗುವಿನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ನನ್ನ ತಾಯಿ ಹೊಲಿದು ಕಳಿಸಿದ ಕುಲಾವಿಯನ್ನು ಅದರೊಳಗೇ ಹಾಕಿರುತ್ತಿದ್ದೆ.

ಈಗ ಅವಳು ಶಾಲೆಯಲ್ಲಿ ಕೈಗವಸು ಹೊಲಿಯುವುದನ್ನು ಕಲಿಯುತ್ತಿದ್ದಾಳೆ. ಚಳಿಯಾದರೆ ಅವಳ ಬಾಯಿಂದ ಬರುವುದು "ಇಕ್ಕೀ". "ಅಬ್ಬಾ, ಚಳಿ" ಎಂದು ನಾನು ಹೇಳಿಕೊಡುವುದನ್ನು ಬಿಟ್ಟು ಯಾವ ಕಾಲವಾಯಿತೋ. ಇಲ್ಲಿಯ ಮಕ್ಕಳನ್ನು ಒಂದು ಕಾಲದಲ್ಲಿ ಸರ್ಕಾರ ಮತ್ತು ಚರ್ಚುಗಳ ವಸತಿ ಶಾಲೆಗಳಿಗೆ ಎಳೆದೊಯ್ದು ಅವರ ನುಡಿಯನ್ನೂ ಹೊಲಿಗೆಯನ್ನೂ ಕಿತ್ತುಕೊಂಡರು, ಅದನ್ನು ಮರಳಿ ಪಡೆಯಲು ಇವರು ಹಗಲಿರುಳು ಒದ್ದಾಡುತ್ತಿದ್ದಾರೆ. ನನ್ನಿಂದ ಯಾರೂ ಏನನ್ನೂ ಕಿತ್ತುಕೊಂಡಿರಲಿಲ್ಲ. ನನ್ನ ಅಜ್ಜಿ ಕೌದಿ ಹೊಲಿಯುವಾಗ ಪಕ್ಕದಲ್ಲೇ ಕುಳಿತಿದ್ದೆ, ಸೂಜಿಗೆ ದಾರ ಪೋಣಿಸಿಕೊಟ್ಟೆ, ಅಷ್ಟೇ. ಕಲಿಯಲಿಲ್ಲ.

ಬರುವಾಗ ಒಂದು ಕರಿ ಕಂಬಳಿ ತನ್ನಿ. ನಮ್ಮೂರು ಚಳ್ಳಕೆರೆಯ ಕಡೆ, ಕಂಬಳಿಗೆ ಹೆಸರಾದ ಸೀಮೆ. ಮಳೆಗೆ ಅದನ್ನೇ ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡ ಕುರಿಗಾಹಿಗಳನ್ನು ನೋಡುತ್ತ ಬೆಳೆದವಳು ನಾನು. ನಾನು ತಂದದ್ದನ್ನು ಕಮಿಕ್ ಹೊಲಿದ ಅಜ್ಜಿ ಮೂಸಿ ನೋಡಿದರು, ಅಂಚನ್ನು ಬೆರಳಿನಲ್ಲಿ ಹೊಸೆದು ನೋಡಿದರು, ಯಾವ ಕುರಿ ಎಂದು ಕೇಳಿದರು. ಇಷ್ಟು ಬಿರುಸು ಹೇಗೆ ಬಂತು ಎಂದಾಗ ಹುಣಸೆ ಬೀಜದ ಗಂಜಿ ಎಂದೆ, ತಲೆದೂಗಿದರು. ನೇಯ್ದವರು ಯಾರು ಎಂದರು. ನನಗೆ ಗೊತ್ತಿರಲಿಲ್ಲ. ನೀವು ಕೊಳ್ಳುವಾಗ ಕೇಳಿಕೊಂಡು ಬನ್ನಿ. ಕಂಬಳಿಯನ್ನು ಇಲ್ಲಿ ಯಂತ್ರಕ್ಕೆ ಹಾಕಬೇಡಿ. ಮೈನಸ್ 20 ಇರುವ ದಿನ ಒಣ ಹಿಮದ ಮೇಲೆ ಹರಡಿ, ಎರಡೂ ಮಗ್ಗುಲಿಗೆ ಕೋಲಿನಿಂದ ಬಡಿದು ಕೊಡವಿದರೆ ದೂಳೆಲ್ಲ ಹಿಮಕ್ಕೆ ಹೋಗುತ್ತದೆ.