ಥೈರಾಯ್ಡ್‌ನಿಂದ ಕಣ್ಣು ಊದಿದವರು ಸ್ಕ್ಯಾನ್‌ಗೆ ಹೊರಡುವ ಮುನ್ನ

ನಾನು ನಾಪೋಕ್ಲು ಕಡೆಯವಳು. ಮೈಸೂರಿನಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್, ಅಂದರೆ ಸ್ವಲ್ಪ ವಿಕಿರಣ ಇರುವ ಔಷಧ ಚುಚ್ಚಿ ಸ್ಕ್ಯಾನ್ ತೆಗೆಯುವವಳು. ಕಣ್ಣಿನ ಸ್ಕ್ಯಾನ್ ಚೀಟಿ ಹಿಡಿದು ಬಂದವರು ಕೊಡಗಿನವರು ಅಂತ ಗೊತ್ತಾದರೆ ನಾಲ್ಕು ಮಾತು ಜಾಸ್ತಿ ಹೇಳುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯಲ್ಲಿ ಕಣ್ಣುಗುಡ್ಡೆಯ ಹಿಂದಿನ ಸ್ನಾಯು, ಕೊಬ್ಬು ಊದಿ ಕಣ್ಣು ಮುಂದೆ ಬರುತ್ತದೆ. ಕೆಲವರಲ್ಲಿ ಉರಿಯೂತ ಇನ್ನೂ ನಡೆಯುತ್ತಿರುತ್ತದೆ. ಕೆಲವರಲ್ಲಿ ಅದು ಆರಿ, ಊದಿದ್ದು ಗಟ್ಟಿಯಾಗಿ ಹಾಗೇ ಉಳಿದಿರುತ್ತದೆ. ಸ್ಟೀರಾಯ್ಡ್‌ನಿಂದ ಉಪಯೋಗ ಆಗುವುದು ಮೊದಲನೆಯವರಿಗೆ. ಎರಡನೆಯವರಿಗೆ ಕೊಟ್ಟರೆ ಸುಮ್ನೆ ಶುಗರ್ ಏರಿಸಿಕೊಂಡಂತೆ. ಡಾಕ್ಟರು ನೋವು, ಕೆಂಪು, ರೆಪ್ಪೆಯ ಊತ ಅಂತ 7 ಅಂಶ ನೋಡಿ ಅಂಕ ಹಾಕುತ್ತಾರೆ. 3 ಅಥವಾ ಹೆಚ್ಚು ಬಂದರೆ ರೋಗ ಚುರುಕಾಗಿದೆ ಎಂದು ಲೆಕ್ಕ. ಹೆಚ್ಚಿನವರಿಗೆ ಅಷ್ಟು ಸಾಕು. ಅನುಮಾನ ಉಳಿದರೆ ಮಾತ್ರ, ಉರಿಯೂತ ಇನ್ನೂ ಇದೆಯೋ ಇಲ್ಲವೋ ಅಂತ ಸ್ಕ್ಯಾನ್‌ನಲ್ಲಿ ನೋಡಲು ನಮ್ಮ ಹತ್ತಿರ ಕಳಿಸುತ್ತಾರೆ. ಎಲ್ಲರಿಗೂ ಈ ಸ್ಕ್ಯಾನ್ ಬರೆಯುವುದು ನನಗೂ ಸರಿ ಕಾಣುವುದಿಲ್ಲ.

ಒಂದು ಮಾತು. ಬಣ್ಣ ಮಾಸಿದ ಹಾಗೆ ಕಂಡರೆ, ದೃಷ್ಟಿ ಮಂಜಾದರೆ ಸ್ಕ್ಯಾನ್ ತಾರೀಖಿಗೆ ಕಾಯಬೇಡಿ. ಅವತ್ತೇ ಕಣ್ಣಿನ ಡಾಕ್ಟರನ್ನು ನೋಡಿ. ಕಣ್ಣಿನ ನರ ಒತ್ತಿಕೊಂಡಿರಬಹುದು.

ಹೊರಡುವ ಮೊದಲು ಫೋನ್ ಮಾಡಿ ಯಾವ ಇಂಜೆಕ್ಷನ್, ಎಷ್ಟು ಹೊತ್ತು ಅಂತ ಕೇಳಿ. ಕಿಡ್ನಿ ಸ್ಕ್ಯಾನ್‌ಗೆ ಬಳಸುವ ಡಿಟಿಪಿಎ ಆದರೆ ಬೇಗ ಮುಗಿಯುತ್ತದೆ. ಉರಿಯೂತ ಇದ್ದಲ್ಲಿ ಸಣ್ಣ ರಕ್ತನಾಳಗಳು ಮಳೆಗಾಲದ ಹಳೇ ಹಂಚಿನ ಮಾಡಿನ ಹಾಗೆ ಸೋರುತ್ತವೆ, ಔಷಧ ಅಲ್ಲಿ ನಿಲ್ಲುತ್ತದೆ. ಆಕ್ಟ್ರಿಯೋಟೈಡ್ ಜಾತಿಯ ಔಷಧವಾದರೆ ಗಂಟೆಗಟ್ಟಲೆ ಕಾಯಬೇಕು, ಕೆಲವೊಮ್ಮೆ ಮಾರನೇ ದಿನವೂ ಬರಬೇಕು. ವಾಪಸ್ ಬಸ್ಸಿನ ಲೆಕ್ಕ ಹಾಕುವಾಗ ಇದು ಗೊತ್ತಿರಲಿ. ಎರಡೆರಡಾಗಿ ಕಾಣುತ್ತಿದ್ದರೆ ಗಾಡಿ ನೀವು ಓಡಿಸಬೇಡಿ.

ಜೂನ್, ಜುಲೈನಲ್ಲಿ ಮರ ಬಿದ್ದು ರಸ್ತೆ ಬಂದ್ ಆಗುವುದು ನಮ್ಮಲ್ಲಿ ಹೊಸದೇನಲ್ಲ. ತಡವಾಗುತ್ತದೆ ಅನಿಸಿದ ಕೂಡಲೇ ದಾರಿಯಿಂದಲೇ ತಿಳಿಸಿ. ಇಂಜೆಕ್ಷನ್‌ನಲ್ಲಿ ವಿಕಿರಣ ಕೊಡುವ ಟೆಕ್ನೀಷಿಯಂ-99ಎಂ 6 ಗಂಟೆಗೆ ಅರ್ಧ ಆಗುತ್ತದೆ, ನಿಮ್ಮ ಡೋಸ್ ನಿಮ್ಮ ಟೈಮಿಗೆ ಅಳೆದು ಇಟ್ಟಿರುತ್ತೇವೆ.

ಸ್ಟೀರಾಯ್ಡ್ ಯಾವಾಗ ಶುರುವಾಯಿತು, ಎಷ್ಟು ತೆಗೆದುಕೊಂಡಿದ್ದೀರಿ ಅಂತ ಬರೆದು ತನ್ನಿ. ಅದು ಉರಿಯೂತವನ್ನು ತಗ್ಗಿಸಿರುತ್ತದೆ, ಚಿತ್ರ ಓದುವಾಗ ಇದು ಬೇಕು. ಆದರೆ ಸ್ಕ್ಯಾನ್‌ಗೋಸ್ಕರ ಯಾವ ಮಾತ್ರೆಯನ್ನೂ ನೀವೇ ನಿಲ್ಲಿಸಬೇಡಿ. ಸೈನಸ್ ತೊಂದರೆ ಇದ್ದರೂ ಹೇಳಿ. ಸೈನಸ್ ಕಣ್ಣಿಗೆ ಅಂಟಿಕೊಂಡೇ ಇದೆ ಅಲ್ವಾ, ಅಲ್ಲಿಯ ಉರಿಯೂತವೂ ಹೊಳೆಯುತ್ತದೆ. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ, ಮಗುವಿಗೆ ಹಾಲುಣಿಸುತ್ತಿದ್ದರೆ ಇಂಜೆಕ್ಷನ್‌ಗೆ ಮೊದಲೇ ಹೇಳಬೇಕು. ಡಿಟಿಪಿಎಗೆ ಸಾಮಾನ್ಯವಾಗಿ ಖಾಲಿ ಹೊಟ್ಟೆ ಬೇಡ, ಕಾಫಿ ಕುಡಿದೇ ಬನ್ನಿ.

"ಕರೆಂಟ್ ಕೊಡ್ತೀರಾ ಮೇಡಂ?" ಅಂತ ಹೆದರಿ ಕೇಳುವವರಿದ್ದಾರೆ. ಇಲ್ಲ. ಕೈಗೆ ಒಂದು ಸೂಜಿ, ಅಷ್ಟೇ. ಸಿರಿಂಜಿನ ಸುತ್ತ ದಪ್ಪ ಲೋಹದ ಕವಚ ಇರುತ್ತದೆ, ನೋಡಿ ಗಾಬರಿಯಾಗಬೇಡಿ. ಅದು ದಿನವಿಡೀ ಇದೇ ಕೆಲಸ ಮಾಡುವ ನಮ್ಮ ಬೆರಳಿಗೆ ರಕ್ಷಣೆ. ಸ್ವಲ್ಪ ಹೊತ್ತು ಕಾದ ಮೇಲೆ ಓಲೆ, ಮೂಗುತಿ, ಹೇರ್‌ಪಿನ್, ಕಟ್ಟಿಸಿದ ಹಲ್ಲು ತೆಗೆಸುತ್ತೇವೆ. ಮಲಗಿಸಿ ಹಣೆಗೆ, ಗಲ್ಲಕ್ಕೆ ಪಟ್ಟಿ ಕಟ್ಟುತ್ತೇವೆ. ಕ್ಯಾಮೆರಾದ ತಲೆಗಳು ಮೂಗಿನ ಹತ್ತಿರದವರೆಗೂ ಬಂದು ನಿಧಾನ ಸುತ್ತುತ್ತವೆ. ಕಣ್ಣು ಮುಚ್ಚಿ ಸುಮ್ಮನಿರಿ. ರೆಪ್ಪೆಯೊಳಗೆ ಗುಡ್ಡೆ ಆಡಿದರೂ ಚಿತ್ರ ಮಸುಕಾಗುತ್ತದೆ. ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಮೊದಲೇ ಹೇಳಿ, ನೀವು ಬಳಸುವ ಡ್ರಾಪ್ಸ್ ಹಾಕಿಕೊಂಡೇ ಮಲಗಿ. ಕೆಮ್ಮು ಬರುವ ಹಾಗಿದ್ದರೆ ಶುರುವಾಗುವ ಮೊದಲೇ ಕೆಮ್ಮಿಬಿಡಿ.

ಮುಗಿದ ಮೇಲೆ ನೀರು ಚೆನ್ನಾಗಿ ಕುಡಿಯಿರಿ. ಡಿಟಿಪಿಎ ಮೂತ್ರದಲ್ಲೇ ಹೊರಗೆ ಹೋಗುತ್ತದೆ. ಅವತ್ತೊಂದು ದಿನ ಪುಟ್ಟ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳಬೇಡಿ.

ರಿಪೋರ್ಟಿನಲ್ಲಿ ಕಣ್ಣಿನ ಗೂಡಿನ ಎಣಿಕೆಯನ್ನು (ಅಲ್ಲಿಂದ ಬಂದ ವಿಕಿರಣದ ಲೆಕ್ಕವನ್ನು) ತಲೆಯ ಹಿಂಭಾಗದ ಮಿದುಳಿನ ಎಣಿಕೆಗೆ ಹೋಲಿಸಿ ಬರೆದಿರಬಹುದು. ಬೇರೆ ಸೆಂಟರಿನ ಸಂಖ್ಯೆ ಜೊತೆ ಅದನ್ನು ತಾಳೆ ನೋಡಬೇಡಿ. ಕ್ಯಾಮೆರಾ, ಲೆಕ್ಕ ಹಾಕುವ ರೀತಿ ಎರಡೂ ಬೇರೆ ಇರುತ್ತವೆ. ಚಿಕಿತ್ಸೆಯಾದ ಮೇಲೆ ಮತ್ತೆ ಸ್ಕ್ಯಾನ್ ಹೇಳಿದರೆ ಅದೇ ಸೆಂಟರಿಗೆ ಹೋಗಿ, ಹಳೇ ಸಿಡಿ ಜೊತೆಗೆ ತನ್ನಿ.